ಟ್ಯಾಂಕಿನೊಳಗಿನ ಜಡೆ

“ಕಾರು ತಗೊಂಡು ಹೋಗು. ಎಂಜಿನ್ ಬಿಚ್ಕೋ, ಬಾಗಿಲು ಬಿಚ್ಕೋ, ಗಾಜು ಬಿಚ್ಕೋ. ಪೆಟ್ರೋಲ್ ಟ್ಯಾಂಕ್ ಮಾತ್ರ ಕೆಳಗಿಳಿಸಬೇಡ,” ಎಂದಳು ಎಡ್ಲಾ ಮುದುಕಿ.

ಹೆನ್ನಿಂಗ್ ಸಲಿಕೆಯನ್ನು ಹಿಮದ ಗುಡ್ಡೆಗೆ ಚುಚ್ಚಿ ನಿಲ್ಲಿಸಿ ಬೆವರು ಒರೆಸಿಕೊಂಡ. ಬೆಳಗಿನಿಂದ ಅವಳ ಕೊಟ್ಟಿಗೆಯ ಮಾಡಿನ ಮೇಲಿನ ಹಿಮ ಕೆಡವಿದ್ದ. ಅದಕ್ಕೆ ಪ್ರತಿಯಾಗಿ ಅವನು ಕೇಳಿದ್ದು ಒಂದನ್ನೇ. ಕೊಟ್ಟಿಗೆಯೊಳಗೆ ಟಾರ್ಪಾಲಿನಡಿ ಮಲಗಿದ್ದ ಆ ಹಳೆಯ ಸ್ಟೇಷನ್ ವ್ಯಾಗನ್. ಉದ್ದ ಬೆನ್ನಿನ, ಮಾಸಿದ ಹಸಿರು ಬಣ್ಣದ, ದುಂಡು ಕಣ್ಣಿನ ಕಾರು. ಈಗಿನವರು ಮ್ಯೂಸಿಯಮ್ಮಿನಲ್ಲಿ ನೋಡಬೇಕಾದಂಥದ್ದು.

“ಟ್ಯಾಂಕ್ ಇಳಿಸ್ದೆ ಹೇಗೆ ತಾಯಿ? ವರ್ಷಗಟ್ಟಲೆ ತುಕ್ಕು ಅದರ ಹೊಟ್ಟೇಲಿ ಕೂತಿದೆ. ಹಾಗೇ ಸ್ಟಾರ್ಟ್ ಮಾಡಿದ್ರೆ ಕಸವೆಲ್ಲ ಕಾರ್ಬ್ಯುರೇಟರಿಗೆ ಬರುತ್ತೆ. ಕಾರು ಓಡಬೇಕಲ್ಲ?”

“ಅದು ಓಡಿದ್ದು ಸಾಕು.”

“ಹೋಗ್ಲಿ, ಒಳಗೇನಿದೆ? ನಿಮ್ಮ ಯಜಮಾನ್ರು ಬೆಳ್ಳಿ ಬಚ್ಚಿಟ್ಟಿದಾರಾ?”

ಎಡ್ಲಾ ಉಣ್ಣೆಯ ಶಾಲನ್ನು ತಲೆಯ ಮೇಲೆ ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು. ಬೇಸಿಗೆಯಲ್ಲೂ ಅವಳ ತಲೆ ಬರಿದಾಗಿದ್ದನ್ನು ಗ್ರಾನ್‌ವಿಕ್ ಹಳ್ಳಿಯಲ್ಲಿ ಯಾರೂ ಕಂಡವರಿಲ್ಲ. “ಬಿಚ್ಚಲೇಬೇಕು ಅಂತ ಹಟ ಇದ್ರೆ, ಅದರ ಹತ್ರ ನಿಂತು ಯಾರ ಹೆಸರೂ ಎತ್ತಬೇಡ. ಬದುಕಿರೋರ ಹೆಸರು ಎತ್ತಲೇಬೇಡ.”

“ಯಾಕೆ, ಕೇಳಿಸ್ಕೊಂಡು ಹೋಗಿ ಅವರಿಗೆ ಚಾಡಿ ಹೇಳುತ್ತಾ?”

ಮುದುಕಿ ನಗಲಿಲ್ಲ. “ದಕ್ಷಿಣದೋರಿಗೆ ನಗು ಜಾಸ್ತಿ,” ಎಂದು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹೆನ್ನಿಂಗ್ ನಿಜಕ್ಕೂ ದಕ್ಷಿಣದವನೇ. ಗೋಥೆನ್‌ಬರ್ಗಿನ ಟ್ರಾಮ್ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಸ್ಪ್ಯಾನರ್ ಹಿಡಿದವನು. ಹೆಂಡತಿ ತೀರಿಕೊಂಡ ಮೇಲೆ ಆ ನಗರದ ಮನೆಯಲ್ಲಿ ಉಸಿರಾಡುವುದಾಗದೆ ಅದನ್ನು ಮಾರಿ ಉತ್ತರದ ಈ ಕಾಡು ಸೀಮೆಗೆ ಬಂದಿದ್ದ. ಹೊಳೆಯಾಚೆ ಹೆದ್ದಾರಿ, ನಡುವೆ ಒಂದು ಕಬ್ಬಿಣದ ಸೇತುವೆ, ಈಚೆ ನಾಲ್ಕಾರು ಮನೆ. ಬಂದಾಗ ಮೌನ ಹಿತವಾಗಿತ್ತು. ಈಗ ಅದೇ ಮೌನ ರಾತ್ರಿಯೆಲ್ಲ ಮಂಚದ ಕಾಲ ಬಳಿ ಕೂತು ಅವನನ್ನೇ ನೋಡುವಂತೆ ಅನ್ನಿಸುತ್ತಿತ್ತು. ದಿನಗಟ್ಟಲೆ ಮಾತಿಲ್ಲದೆ ಕಳೆದು, ಅಂಗಡಿಯಲ್ಲಿ ಹಾಲು ಕೇಳುವಾಗ ತನ್ನ ದನಿಯೇ ತನಗೆ ಬೇರೆ ಯಾರದೋ ಎನ್ನುವಂತೆ ಕೇಳಿ ಬೆಚ್ಚಿದ್ದುಂಟು.

ಮಗಳು ರೂನಾ ದೂರದ ಉಪ್ಸಲಾದಲ್ಲಿ. ಹಾಲುಗೂಸಿನ ತಾಯಿ. ಮೊಮ್ಮಗುವನ್ನು ಅವನು ಕಂಡದ್ದು ಫೋಟೋದಲ್ಲಿ ಮಾತ್ರ. ರೂನಾ ಚಿಕ್ಕವಳಿದ್ದಾಗ ಅವರ ಮನೆಯಲ್ಲೂ ಇಂಥದೇ ಕಾರಿತ್ತು. ಬೇಸಿಗೆ ರಜೆಯಲ್ಲಿ ಹಿಂದಿನ ಸೀಟು ಮಡಚಿ ಹಾಸಿಗೆ ಹಾಸಿದರೆ ಮೂವರೂ ಕಾಲು ಚಾಚಿ ಮಲಗುತ್ತಿದ್ದರು. ಹಿಮ ಕರಗಿದ ಮೇಲೆ ಈ ಹಸಿರು ಕಾರಿನಲ್ಲಿ ಉಪ್ಸಲಾಕ್ಕೆ ಹೋಗಿ ಮಗಳ ಮನೆ ಬಾಗಿಲಲ್ಲಿ ಹಾರ್ನ್ ಹೊಡೆಯಬೇಕು. ಅವನ ಆಸೆ ಅಷ್ಟೇ.

ಮರುದಿನ ಊಟ ಮುಗಿಸಿ ಅವನು ಕೊಟ್ಟಿಗೆಗೆ ಹೋಗುವ ಹೊತ್ತಿಗಾಗಲೇ ಬೆಳಕು ಸಾಯುತ್ತಿತ್ತು. ಆ ತಿಂಗಳಲ್ಲಿ ಅಲ್ಲಿ ಸೂರ್ಯ ಬಂದ ಶಾಸ್ತ್ರ ಮಾಡಿ ಹೊರಟುಬಿಡುತ್ತಾನೆ. ಒಳಗೆ ಹಳೆಯ ಹುಲ್ಲಿನ, ಇಲಿಯ, ಹೆಪ್ಪುಗಟ್ಟಿದ ಎಣ್ಣೆಯ ವಾಸನೆ. ವಿದ್ಯುತ್ ದೀಪವೊಂದನ್ನು ದೂರದ ಮೊಳೆಗೆ ತೂಗುಹಾಕಿದ. ಬ್ಯಾಟರಿಯ ತಂತಿ ಕಳಚಿದ. ಕಾರಿನ ಹಿಂಭಾಗವನ್ನು ಎತ್ತಿ ಮರದ ದಿಮ್ಮಿಗಳ ಮೇಲೆ ಕೂರಿಸಿ, ಕಂಬಳಿ ಹಾಸಿಕೊಂಡು ಅಡಿಗೆ ತೂರಿದ.

ಉಳಿದ ಪೆಟ್ರೋಲನ್ನು ಕೊಳವೆಯಲ್ಲಿ ಡಬ್ಬಕ್ಕೆ ಇಳಿಸಿದಾಗ ಗಂಟಲು ಹಿಡಿಯುವ ನಾತ ಎದ್ದಿತು. ಕೊಳೆತ ಸೇಬಿಗೆ ವಾರ್ನಿಷ್ ಬಳಿದಂಥ ನಾತ. ಅದರಡಿಯಲ್ಲಿ ಇನ್ನೊಂದು ವಾಸನೆ ಇತ್ತು. ತಲೆಗೂದಲಿನದು. ಬಹಳ ದಿನ ತೊಳೆಯದ, ದಿಂಬಿಗೆ ಅಂಟಿದ ಮನುಷ್ಯರ ತಲೆಯ ವಾಸನೆ.

ರಬ್ಬರ್ ಕೊಳವೆಗಳು ಬಿರುಕು ಬಿಟ್ಟಿದ್ದವು, ಸುಲಭವಾಗಿ ಕಳಚಿದವು. ಟ್ಯಾಂಕನ್ನು ತಬ್ಬಿದ್ದ ಪಟ್ಟಿಗಳ ಬೋಲ್ಟು ಮಾತ್ರ ಹಟ ಹಿಡಿದವು. ತುಕ್ಕು ಬಿಡಿಸುವ ಎಣ್ಣೆ ಹಾಕಿ, ಕಾದು, ಬೈದು, ಒಂದೊಂದಾಗಿ ತಿರುಗಿಸಿದ. ಟ್ಯಾಂಕಿನಡಿ ಹಲಗೆ, ಹಲಗೆಯಡಿ ಜಾಕ್. ಕೊನೆಯ ಬೋಲ್ಟು ಬಿಟ್ಟಿತು. ಕೂಡಲೇ ಟ್ಯಾಂಕ್ ಒಂದು ಕಡೆಗೆ ವಾಲಿತು. ಹೆನ್ನಿಂಗ್ ಎರಡೂ ಕೈಯಿಂದ ಒತ್ತಿ ಹಿಡಿದ. ಪೆಟ್ರೋಲ್ ಪೂರ್ತಿ ತೆಗೆದಿದ್ದ. ಆದರೂ ಅದು ಮಲಗಿದ ಆಳಿನಷ್ಟು ಭಾರವಾಗಿತ್ತು.

ಜಾಕ್ ಇಳಿಸಲು ಕೈ ಬಿಡುವಂತಿಲ್ಲ. ಕೈ ಬಿಟ್ಟರೆ ಎದೆಯ ಮೇಲೆ ಬೀಳುತ್ತದೆ. ಇನ್ನೊಂದು ಜೊತೆ ಕೈ ಬೇಕಿತ್ತು. ಹೀಗೆ ಕಾರಿನಡಿ ಮಲಗಿದಾಗಲೆಲ್ಲ ಪಕ್ಕದಲ್ಲಿ ಮಂಡಿಯೂರಿ, ಮೂಗಿಗೆ ಗ್ರೀಸ್ ಬಳಿದುಕೊಂಡು, “ನಾ ಹಿಡ್ಕೋತೀನಪ್ಪಾ” ಎನ್ನುತ್ತಿದ್ದ ಪುಟ್ಟ ಹುಡುಗಿಯ ನೆನಪಾಯಿತು.

“ನೀನಿರಬೇಕಿತ್ತು ಕಣೆ ರೂನಾ,” ಎಂದ ಗಟ್ಟಿಯಾಗಿ. ಒಬ್ಬನೇ ಇರುವವರು ಮಾತಾಡುವ ಹಾಗೆ. “ಬಾ ಮಗಳೇ. ಬಂದು ಈ ಕಡೆ ಹಿಡ್ಕೋ.”

ಟ್ಯಾಂಕಿನೊಳಗೆ ಏನೋ ಮಗ್ಗುಲು ಬದಲಿಸಿತು.

ನಿದ್ದೆಯಲ್ಲಿದ್ದವರು ಹೆಸರು ಕೇಳಿ ಹೊರಳುವ ಹಾಗೆ. ನಿಧಾನವಾಗಿ. ತಗಡಿನ ಒಳಮೈಯನ್ನು ಸವರುತ್ತ. ಮರುಗಳಿಗೆ ಅದರ ಭಾರವೆಲ್ಲ ಇಳಿದುಹೋಯಿತು. ಟ್ಯಾಂಕ್ ಹತ್ತಿಯ ಮೂಟೆಯಂತೆ ಅವನ ಅಂಗೈ ಮೇಲೆ ಕೂತಿತು.

ಹೆನ್ನಿಂಗ್ ಅದನ್ನು ಹೊರಗೆಳೆದು ದೀಪದ ಕೆಳಗಿಟ್ಟ. ಮೇಲಿನ ಮುಚ್ಚಳದ ಸ್ಕ್ರೂ ತೆಗೆದು ಇಣುಕಿದರೆ ಒಳಗೆ ಕಪ್ಪಗೆ ಸುರುಳಿ ಸುತ್ತಿದ್ದು ಏನೋ. ತಂತಿ ಬಗ್ಗಿಸಿ ಕೊಕ್ಕೆ ಮಾಡಿ ಎಳೆದ. ಬಂತು. ಹೆಂಗಸಿನ ಜಡೆ. ಮಣಿಕಟ್ಟಿನಷ್ಟು ದಪ್ಪ, ಪೆಟ್ರೋಲಿನಲ್ಲಿ ತೊಯ್ದು ಮಿರಿಮಿರಿ ಮಿಂಚುತ್ತಿತ್ತು. ಹೊರಗೆ ಉಗುಳು ಹೆಪ್ಪುಗಟ್ಟುವ ಚಳಿ. ಜಡೆ ಮಾತ್ರ ಬೆಚ್ಚಗಿತ್ತು. ಈಗಷ್ಟೇ ಯಾರದೋ ಕತ್ತಿನ ಮೇಲಿಂದ ಎತ್ತಿದಂತೆ ಬೆಚ್ಚಗೆ.

ಅವನು ಇನ್ನಷ್ಟು ಎಳೆದ. ಒಳಗಿನಿಂದ ಅದೂ ಎಳೆಯಿತು.

ಹೆನ್ನಿಂಗ್ ಕೈಬಿಟ್ಟ. ಜಡೆ ಸರ್ರನೆ ಒಳಗೆ ಹೋಯಿತು. ಅವನು ಮುಚ್ಚಳ ಹಾಕಿ, ಟಾರ್ಪಾಲು ಹೊದಿಸಿ, ದೀಪ ಆರಿಸುವುದನ್ನೂ ಮರೆತು ಮನೆಗೆ ನಡೆದ. ಹಳ್ಳಿಯವರ ಕುಚೇಷ್ಟೆ, ಅಷ್ಟೇ. ತಗಡಿಗೆ ಸಿಕ್ಕಿಕೊಂಡಿರಬೇಕು, ಅಷ್ಟೇ. ಸೋಪು ಹಾಕಿ ಎಷ್ಟು ಉಜ್ಜಿದರೂ ಕೈಯ ನಾತ ಹೋಗಲಿಲ್ಲ. ಉಜ್ಜುವಾಗ ಕಂಡದ್ದು, ತೋರುಬೆರಳಿಗೆ ಬಿಗಿಯಾಗಿ ಸುತ್ತಿಕೊಂಡ ಒಂದೇ ಒಂದು ಕೂದಲು. ಕಪ್ಪಲ್ಲ. ಗೋಧಿ ಹುಲ್ಲಿನ ಬಣ್ಣ.

ಬೆಳಗ್ಗೆ ಅಂಗಳದಲ್ಲಿ ಕಾರು ನಿಂತ ಸದ್ದಾಯಿತು. ಹೆನ್ನಿಂಗ್ ಬಾಗಿಲು ತೆಗೆದರೆ ಎದುರಿಗೆ ರೂನಾ. ಕೋಟಿಲ್ಲ. ಮನೆಯೊಳಗೆ ಹಾಕುವ ಬಟ್ಟೆಯ ಚಪ್ಪಲಿ. ತೋಳು ಮೊಣಕೈವರೆಗೆ ಮಡಚಿತ್ತು.

“ಮನೆಗೆ ಬಂದೆ ಅಪ್ಪಾ,” ಎಂದಳು.

“ಅಯ್ಯೋ ಹುಚ್ಚಿ! ಈ ಚಳೀಲಿ ಹೀಗಾ ಬರೋದು? ಅಷ್ಟು ದೂರದಿಂದ? ಒಂದು ಫೋನ್ ಮಾಡೋದಲ್ವಾ?”

“ಮನೆಗೆ ಬಂದೆ.”

ಅವಳನ್ನು ತಬ್ಬಿಕೊಂಡಾಗ ಪೆಟ್ರೋಲ್ ವಾಸನೆ ಬಂತು. ತನ್ನ ಕೈಯದೇ ಇರಬೇಕೆಂದುಕೊಂಡ. ಖುಷಿಗೆ ಅವನಿಗೆ ಬೇರೇನೂ ಕಾಣಲಿಲ್ಲ. ಒಲೆಗೆ ಕಟ್ಟಿಗೆ ತುರುಕಿದ, ಕಾಫಿ ಇಳಿಸಿದ, ದಾಲ್ಚಿನ್ನಿ ಬನ್ ಬಿಸಿ ಮಾಡಿದ. ರೂನಾ ಎದುರಿಗೆ ಕೂತಳು. ಹೆನ್ನಿಂಗ್ ಮಾತಾಡಿದ. ಅವಳಮ್ಮನ ಕೊನೆಯ ದಿನಗಳ ಬಗ್ಗೆ, ಆಗ ಮಗಳ ಹತ್ತಿರ ಹೇಳಿಕೊಳ್ಳಲಾಗದೆ ನುಂಗಿದ್ದರ ಬಗ್ಗೆ, ಇಲ್ಲಿನ ಸಂಜೆಗಳ ಬಗ್ಗೆ. ಅವಳು ರೆಪ್ಪೆ ಮಿಟುಕಿಸದೆ ಕೇಳಿದಳು. ಅವನ ಮಾತನ್ನು ಇಷ್ಟು ಹೊತ್ತು ಯಾರೂ ಕೇಳಿರಲಿಲ್ಲ. ಒಂದು ಗಳಿಗೆ ಅವನು ಸುಖಿಯಾಗಿದ್ದ. ಆ ಸುಖವನ್ನು ನೆನೆದರೆ ಆಮೇಲೆ ಅವನಿಗೇ ಅಸಹ್ಯವಾಗುತ್ತಿತ್ತು.

“ಹೌದು ಅಪ್ಪಾ,” ಎನ್ನುತ್ತಿದ್ದಳು ಅವಳು ಎಲ್ಲಕ್ಕೂ.

ಕಾಫಿ ಆರಿತು. ಬನ್ ಹಾಗೇ ಇತ್ತು. ರೂನಾಳ ಅಂಗಿಯ ಎದೆಯ ಮೇಲೆ ಎರಡು ಒದ್ದೆ ಕಲೆ ಮೂಡಿ, ನೋಡುನೋಡುತ್ತ ಹರಡಿ, ಸೊಂಟದವರೆಗೆ ಇಳಿದವು. ಹಾಲು. ಮೇಜಿನ ಅಂಚಿನಿಂದ ತೊಟ್ಟಿಕ್ಕತೊಡಗಿತು. ಅವಳು ಬಗ್ಗಿ ನೋಡಲೂ ಇಲ್ಲ.

“ರೂನಾ... ಮಗು ಎಲ್ಲಿ?”

“ಯಾವ ಮಗು?”

ಅದೇ ಹೊತ್ತಿಗೆ ಫೋನ್ ಹೊಡೆದುಕೊಂಡಿತು. ಅಳಿಯ ವೀದಾರ್. ರಾತ್ರಿಯೆಲ್ಲ ಅತ್ತ ದನಿ.

“ಮಾವ, ರೂನಾ ಅಲ್ಲಿ ಬಂದಿದಾಳಾ? ನಿನ್ನೆ ಮಗೂಗೆ ಸ್ನಾನ ಮಾಡಿಸ್ತಿದ್ಲು. ಹಾಗೇ ಬಿಟ್ಟು ಎದ್ದು ಹೋಗಿದಾಳೆ. ನಲ್ಲಿ ಇನ್ನೂ ಸುರೀತಾ ಇತ್ತು ಮಾವ. ನಾನು ಪಕ್ಕದ ರೂಮಲ್ಲಿ ಇಲ್ದೇ ಹೋಗಿದ್ರೆ...” ಅವನ ಮಾತು ಮುರಿಯಿತು. ಹಿಂದೆ ಹಸಿದ ಕೂಸಿನ ಅಳು. ಆ ಅಳು ಕೋಣೆಯಲ್ಲೆಲ್ಲ ಕೇಳುತ್ತಿತ್ತು. ರೂನಾ ಗೋಡೆ ನೋಡುತ್ತ ಕೂತಿದ್ದಳು. ಹಾಲು ತೊಟ್ಟಿಕ್ಕುತ್ತಲೇ ಇತ್ತು.

“ಕರ್ಕೊಂಡು ಬರ್ತೀನಿ. ಈಗಲೇ,” ಎಂದ ಹೆನ್ನಿಂಗ್.

ಅವಳು ಎದುರಾಡಲಿಲ್ಲ. ಕೈ ಹಿಡಿದರೆ ಎದ್ದಳು, ಕೂರಿಸಿದರೆ ಕೂತಳು. ಅವಳ ಕಾರನ್ನೇ ಓಡಿಸಿಕೊಂಡು ಸೇತುವೆ ಹತ್ತಿದ. ನಡು ಸೇತುವೆಯಲ್ಲಿ ಎಂಜಿನ್ ಸತ್ತಿತು. ಪಕ್ಕದಲ್ಲಿ ಗೊರಕೆಯಂಥ ಸದ್ದು. ತಿರುಗಿ ನೋಡಿದರೆ ರೂನಾಳ ತಲೆ ಸೀಟಿನ ಹಿಂಬದಿಗೆ ಬಡಿದುಕೊಂಡು ನಿಂತಿತ್ತು. ಅವಳ ಗೋಧಿ ಬಣ್ಣದ ಕೂದಲೆಲ್ಲ ಗಾಳಿಯಲ್ಲಿ ನೆಟ್ಟಗೆ, ಹಗ್ಗದಂತೆ ಬಿಗಿದು, ಹಿಂದಕ್ಕೆ ಚಾಚಿತ್ತು. ಊರಿನ ಕಡೆಗೆ. ಯಾರೋ ಮುಷ್ಟಿಯಲ್ಲಿ ಹಿಡಿದು ಜಗ್ಗುವ ಹಾಗೆ. ಹಣೆಯ ಚರ್ಮ ಮೇಲಕ್ಕೆ ಎಳೆದು ಕಣ್ಣು ಮುಚ್ಚಲಾಗದೆ ಬಿಚ್ಚಿಕೊಂಡಿದ್ದವು. ಮೂಗಿನಿಂದ ರಕ್ತ ಇಳಿಯುತ್ತಿತ್ತು.

ಹೆನ್ನಿಂಗ್ ಕಾರಿಳಿದು, ಮೈಯ ಬಲವೆಲ್ಲ ಹಾಕಿ, ಕಾರನ್ನು ಹಿಂದಕ್ಕೆ ತಳ್ಳಿದ. ಊರಿನ ಮಣ್ಣಿಗೆ ಚಕ್ರ ತಾಗಿದ್ದೇ ತಡ, ಕೂದಲು ಸಡಿಲವಾಗಿ ಭುಜದ ಮೇಲೆ ಬಿತ್ತು. ಅವಳನ್ನು ಕಾರಿನಲ್ಲೇ ಬಿಟ್ಟು ಅವನು ಎಡ್ಲಾಳ ಮನೆಗೆ ಓಡಿದ.

ಎಡ್ಲಾ ಅಡುಗೆಮನೆಯಲ್ಲಿ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಿದ್ದಳು. ಬಾಗಿಲಲ್ಲಿ ನಿಂತವನ ಮುಖ ನೋಡಿ ಚಾಕು ಕೆಳಗಿಟ್ಟಳು.

“ಯಾರ ಹೆಸರು ಹೇಳ್ದೆ?”

“ಮಗಳದು.”

ಮುದುಕಿ ಕಣ್ಣು ಮುಚ್ಚಿಕೊಂಡಳು. ಆಮೇಲೆ ಶಾಲು ತೆಗೆದಳು. ನೆತ್ತಿ ಬೋಳು. ಒಂದೆಳೆಯೂ ಇಲ್ಲ.

“ನಂದೇ ಆ ಜಡೆ. ನನ್ನ ಗಂಡ ಆಲ್ವಾರ್ ಹೊಲಿಗೆ ಯಂತ್ರ ಮಾರ್ತಿದ್ದ. ಆ ಕಾರಲ್ಲಿ ತುಂಬ್ಕೊಂಡು ಹೋದ್ರೆ ಯಾವಾಗ ಬರ್ತಾನೋ, ಯಾರ ಮನೇಲಿ ಇರ್ತಾನೋ. ಹೊಳೆ ಮೇಲ್ಗಡೆ ಒಬ್ಳಿದ್ಲು, ಮಾಟ ಬಲ್ಲೋಳು. ಜಡೆ ಕತ್ತರಿಸಿ ಅವನ ಹೆಸರು ಹೇಳಿ ಟ್ಯಾಂಕಿಗೆ ಹಾಕು ಅಂದ್ಲು. ಆ ಕಾರು ಕುಡಿಯೋ ಒಂದೊಂದು ಹನೀನೂ ನಿನ್ನ ಕೂದಲಲ್ಲಿ ಹಾದು ಬರ್ಲಿ, ಆಮೇಲೆ ಎಲ್ಲಿ ಹೋಗ್ತಾನೆ ನೋಡು ಅಂದ್ಲು.”

“ಬಂದನಾ?”

“ಬಂದ. ಮತ್ತೆ ಹೋಗ್ಲೇ ಇಲ್ಲ. ಸೇತುವೆ ದಾಟೋಕೆ ಆಗ್ಲಿಲ್ಲ ಅವನಿಗೆ. ಅಲ್ಲೇ ಕೂತಿರ್ತಿದ್ದ,” ಎಂದು ಎದುರಿನ ಖಾಲಿ ಕುರ್ಚಿ ತೋರಿಸಿದಳು. “ಹೌದು ಎಡ್ಲಾ, ಹೌದು ಎಡ್ಲಾ. ಬೇರೆ ಮಾತಿಲ್ಲ. ಸಾಯೋತನಕ. ಅವನು ಮಣ್ಣಿಗೆ ಹೋದ ಮೇಲೆ ಅದೂ ಮಲಗಿತ್ತು, ತನ್ನ ಕೆಲಸ ಮುಗೀತು ಅಂತ. ನೀನು ಕೆಳಗಿಳಿಸಿ ಎಬ್ಬಿಸ್ದೆ. ಎದ್ದ ತಕ್ಷಣ ಅದು ಕೇಳೋದು ಒಂದೇ, ಯಾರನ್ನ ತರ್ಲಿ ಅಂತ.”

“ಬಿಡಿಸೋಕೆ ದಾರಿ ಇಲ್ವಾ?”

ಎಡ್ಲಾ ಶಾಲನ್ನು ಮತ್ತೆ ತಲೆಗೆ ಸುತ್ತಿಕೊಂಡಳು. “ಜಡೇಲಿ ಅವಳ ಕೂದಲಿನ ಗಂಟು ಬಿದ್ದಿರುತ್ತೆ. ಕತ್ತರಿ ತಾಗಿಸಬೇಡ, ಅವಳ ಉಸಿರೇ ನಿಲ್ಲುತ್ತೆ. ಬೆರಳಲ್ಲೇ ಬಿಚ್ಚು. ಬಿಚ್ಚಿದ್ರೆ ಅವಳು ಹೋಗ್ತಾಳೆ. ಆದ್ರೆ ನಿನ್ನ ಕಡೆಗಿನ ದಾರಿ ಅವಳಿಗೆ ಮುಚ್ಚಿಹೋಗುತ್ತೆ. ನೀನು ಎದುರಿಗೆ ನಿಂತ್ರೂ ಅವಳ ಕಣ್ಣಿಗೆ ಕಾಣಲ್ಲ, ಕೂಗಿದ್ರೂ ಕಿವಿಗೆ ಬೀಳಲ್ಲ.”

“ಎಷ್ಟು ದಿನ?”

ಅವಳು ಚಾಕು ಎತ್ತಿಕೊಂಡು ಮತ್ತೆ ಸಿಪ್ಪೆ ಸುಲಿಯತೊಡಗಿದಳು.

“ನಿಮ್ಗೆ ಗೊತ್ತಿತ್ತಲ್ಲ. ನೀವ್ಯಾಕೆ ಬಿಚ್ಚಲಿಲ್ಲ ತಾಯಿ?”

“ಎದುರಿಗೆ ಕೂತಿರ್ತಿದ್ನಲ್ಲಪ್ಪಾ,” ಎಂದಳು ಎಡ್ಲಾ. “ಮಾತಾಡದಿದ್ರೂ ಕೂತಿರ್ತಿದ್ದ. ಎರಡು ತಟ್ಟೆ ಇಡೋಕಾಗ್ತಿತ್ತು.”

ಹೊರಗೆ ಮತ್ತೆ ಕಪ್ಪಡರುತ್ತಿತ್ತು. ಕೊಟ್ಟಿಗೆಯ ದೀಪ ನಿನ್ನೆಯಿಂದ ಹಾಗೇ ಉರಿಯುತ್ತಿತ್ತು. ಟಾರ್ಪಾಲು ತನ್ನಷ್ಟಕ್ಕೆ ಸರಿದು ಬಿದ್ದಿತ್ತು. ಹೆನ್ನಿಂಗ್ ಮುಚ್ಚಳ ತೆಗೆದು ಕೈ ಇಳಿಸಿದ. ಜಡೆ ತಾನಾಗಿ ಬಂದು ಅಂಗೈಗೆ ಕೂತಿತು. ಸಾಕಿದ ಪ್ರಾಣಿಯ ಹಾಗೆ. ಹೊರಗೆಳೆದ. ಕಪ್ಪು ಎಳೆಗಳ ನಡುವೆ ಗೋಧಿ ಬಣ್ಣದ ಕೂದಲು ಹೆಣೆದುಕೊಂಡು ಒಂದು ಗಂಟಾಗಿತ್ತು. ಬಟಾಣಿ ಕಾಳಿನಷ್ಟು. ಕಲ್ಲಿನಷ್ಟು ಗಟ್ಟಿ.

ಉಗುರು ಹಾಕಿದ. ಕೂದಲು ಚರ್ಮ ಕೊಯ್ದಿತು. ಮತ್ತೆ ಹಾಕಿದ. ಉಗುರೇ ಎದ್ದುಬಂತು.

“ಅಪ್ಪಾ.”

ಬಾಗಿಲಲ್ಲಿ ರೂನಾ. ಬರಿಗಾಲು. ಹಾಲಿನಿಂದ ತೊಯ್ದ ಅಂಗಿ ಚಳಿಗೆ ಹಲಗೆಯಂತೆ ಸೆಟೆದಿತ್ತು.

“ಅಪ್ಪಾ, ಬೇಡ.”

ಅವನು ತಲೆ ಎತ್ತಲಿಲ್ಲ. ಒಂದೆಳೆ ಸಡಿಲಾಯಿತು.

“ನಾನು ಇಲ್ಲೇ ಇರ್ತೀನಪ್ಪಾ. ದಿನಾ ನಿನ್ನ ಮಾತು ಕೇಳ್ತೀನಿ. ನಿಂಗ್ಯಾರಿದ್ದಾರೆ ನನ್ನ ಬಿಟ್ರೆ?”

ಅವಳದೇ ದನಿ. ಮೂಗಿಗೆ ಗ್ರೀಸ್ ಬಳಿದುಕೊಂಡ ಹುಡುಗಿಯದೇ ದನಿ. ಮಾತು ಮಾತ್ರ ಅವಳದಲ್ಲ, ಅವನದೇ. ಎಷ್ಟೋ ಸಂಜೆ ಅವನೇ ಮನಸ್ಸಿನಲ್ಲಿ ಅವಳ ಬಾಯಿಗೆ ಹಾಕಿದ ಮಾತು. ಜಡೆ ಅವನೊಳಗೆ ಕೈಹಾಕಿ ಅದನ್ನೇ ಹೆಕ್ಕಿ ತಂದಿತ್ತು. ಬೆರಳು ನಿಂತವು.

ಜಡೆ ಮೆಲ್ಲಗೆ ಅವನ ಮಣಿಕಟ್ಟು ಸುತ್ತಿತು. ಬೆಚ್ಚಗೆ. ಹಿತವಾಗಿ.

“ಒಬ್ನೇ ಆಗ್ತೀಯಪ್ಪಾ. ಒಬ್ನೇ ಸಾಯ್ತೀಯ.”

“ಹೌದು,” ಎಂದ ಹೆನ್ನಿಂಗ್.

ಬಗ್ಗಿದ. ಗಂಟಿಗೆ ಹಲ್ಲು ಹಾಕಿದ. ಬಾಯಿತುಂಬ ಪೆಟ್ರೋಲ್. ನಾಲಗೆ ಉರಿಯಿತು. ಕೂದಲು ಒಸಡು ಸೀಳಿತು. ಎಳೆದ. ಜಡೆ ಮಣಿಕಟ್ಟು ಬಿಗಿಯಿತು. ಎಲುಬು ಕಟಕ್ಕೆಂದಿತು. ಬಾಗಿಲಲ್ಲಿ ಅವಳು ಚೀರುತ್ತಿದ್ದಳು. ಅಪ್ಪಾ. ಅಪ್ಪಾ. ಅಪ್ಪಾ. ಒಂದೆಳೆ. ಇನ್ನೊಂದು. ಎಳೆದ. ಕೊನೆಯದು. ಬಿಟ್ಟಿತು.

ಚೀರಾಟ ನಿಂತಿತು.

ರೂನಾ ಕಣ್ಣು ಮಿಟುಕಿಸಿದಳು. ಕೊಟ್ಟಿಗೆಯನ್ನು ನೋಡಿದಳು, ದೀಪವನ್ನು ನೋಡಿದಳು, ತನ್ನ ಅಂಗಿಯನ್ನು ಮುಟ್ಟಿಕೊಂಡಳು. ಅವನು ಕೂತಿದ್ದ ಜಾಗದ ಮೇಲೆ ಅವಳ ನೋಟ ಹಾಯ್ದುಹೋಯಿತು, ಖಾಲಿ ಗೋಡೆಯ ಮೇಲೆ ಹಾಯುವಂತೆ.

“ನನ್ನ ಮಗು,” ಎಂದಳು. “ದೇವರೇ, ನನ್ನ ಮಗು!”

ಓಡಿದಳು. ಕಾರಿನ ಬಾಗಿಲು ಬಡಿಯಿತು. ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು. ಹೆನ್ನಿಂಗ್ ಬಾಯಿಯ ರಕ್ತ ಉಗುಳಿ, ಮುರಿದ ಕೈ ಎದೆಗೊತ್ತಿಕೊಂಡು ಕಿವಿಗೊಟ್ಟ. ಸೇತುವೆಯ ಕಬ್ಬಿಣದ ಹಲಗೆಗಳು ಗಡಗಡ ಸದ್ದು ಮಾಡಿದವು. ಸದ್ದು ನಡುವೆ ನಿಲ್ಲಲಿಲ್ಲ. ಆಚೆ ದಡ ತಲುಪಿತು. ಆಮೇಲೆ ಏನೂ ಇಲ್ಲ.

ಜಡೆ ಅವನ ಮಣಿಕಟ್ಟು ಬಿಟ್ಟು ಟ್ಯಾಂಕಿನೊಳಗೆ ಸರಿದು ಮತ್ತೆ ಹೊರಳಿತು. ಹಸಿದ ಸದ್ದು. ಯಾರನ್ನ ತರ್ಲಿ?

ಅದನ್ನು ಕಾರಿನಡಿ ಮತ್ತೆ ಬಿಗಿದರೆ ಮಲಗುತ್ತದೆ ಎಂದು ಎಡ್ಲಾ ಹೇಳಿದ್ದಳು. ಹೇಳಿದವಳೇ ಊರುಗೋಲು ಊರಿಕೊಂಡು ಬಂದಳು. ತುಟಿ ಬಿಚ್ಚದೆ ಕಂಬಳಿಯ ಮೇಲೆ ಮಲಗಿ ಟ್ಯಾಂಕಿನ ಒಂದು ತುದಿ ಹಿಡಿದಳು. ಅವನು ಒಂದೇ ಕೈಯಲ್ಲಿ ಬೋಲ್ಟು ಬಿಗಿದ. ಕೆಲಸ ಮುಗಿಯುವವರೆಗೆ ಇಬ್ಬರೂ ಒಂದು ಮಾತೂ ಆಡಲಿಲ್ಲ. ಹೊರಬಂದು ಬಾಗಿಲಿಗೆ ಮೊಳೆ ಹೊಡೆದ ಮೇಲೆ ಎಡ್ಲಾ ಅವನ ಮುಖ ನೋಡಿದಳು.

“ಬಿಚ್ದೆ ಅಲ್ವಾ,” ಎಂದಳು. ಅವಳ ಗಲ್ಲದ ಮೇಲೆ ನೀರು ಇಳಿದು ಹೆಪ್ಪುಗಟ್ಟುತ್ತಿತ್ತು. “ಬಿಚ್ಚೋಕಾಗುತ್ತೆ ಅಂತಾಯ್ತು.”

ಹಿಮ ಕರಗಿದ ಮೇಲೆ ಹೆನ್ನಿಂಗ್ ಬಸ್ಸು ಹಿಡಿದು, ರೈಲು ಹಿಡಿದು ಉಪ್ಸಲಾಕ್ಕೆ ಹೋದ. ಮುದುಕಿಯ ಮಾತು ಸುಳ್ಳಾಗಬಾರದೇಕೆ ಎಂಬ ಆಸೆ. ಮಗಳ ಮನೆ ಮೂರನೆಯ ಮಹಡಿಯಲ್ಲಿ. ಮೆಟ್ಟಿಲ ಬಳಿಯ ಗುಂಡಿ ಒತ್ತಿ, ಸ್ವಲ್ಪ ಹೊತ್ತು ಉರಿದು ತಾನೇ ಆರುವ ದೀಪ ಹತ್ತಿಸಿದ. ಬಾಗಿಲ ಗಂಟೆ ಒತ್ತಿದ.

ಬಾಗಿಲು ತೆರೆದವಳು ರೂನಾ. ಕೆನ್ನೆ ತುಂಬಿಕೊಂಡು ಗೆಲುವಾಗಿದ್ದಳು. ಸೊಂಟದ ಮೇಲೆ ಮಗು. ಒಳಗಿನಿಂದ ಬೇಯುತ್ತಿರುವ ಆಲೂಗಡ್ಡೆಯ, ಸಬ್ಬಸಿಗೆ ಸೊಪ್ಪಿನ ಬಿಸಿ ವಾಸನೆ. ಅವಳು ಎಡಕ್ಕೆ ನೋಡಿದಳು. ಬಲಕ್ಕೆ ನೋಡಿದಳು. ಅವನ ಎದೆಯ ಮೂಲಕ ಮೆಟ್ಟಿಲನ್ನು ನೋಡಿದಳು.

“ರೂನಾ,” ಎಂದ ಹೆನ್ನಿಂಗ್. “ಪುಟ್ಟಿ. ನಾನು ಕಣೆ.”

“ಯಾರೇ ಅದು?” ಒಳಗಿನಿಂದ ವೀದಾರನ ದನಿ.

“ಯಾರೂ ಇಲ್ಲ.”

ಮಗು ಮಾತ್ರ ಅವನನ್ನೇ ನೋಡುತ್ತಿತ್ತು. ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕಿತು. ಎರಡೂ ಕೈ ಚಾಚಿ, ಇಡೀ ಮೈ ಮುಂದಕ್ಕೆ ಎಸೆಯುತ್ತ, ಅವನ ಕಡೆಗೆ ಬಾಗಿತು. ಅದರ ಬೆರಳು ಅವನ ಗಡ್ಡಕ್ಕೆ ಒಂದು ಗೇಣು ದೂರದಲ್ಲಿತ್ತು.

“ದೀಪ ಬೇಕಾ ನನ್ನ ಬಂಗಾರಕ್ಕೆ?” ರೂನಾ ಅದರ ಕೈಯನ್ನು ಮೆತ್ತಗೆ ಮಡಚಿ, ಅಂಗೈಗೆ ಮುತ್ತಿಟ್ಟಳು. “ಅದು ಬರೀ ಮೆಟ್ಟಿಲ ದೀಪ ಕಣೋ. ಬಾ, ಚಳಿ ಒಳಗೆ ಬರ್ತಿದೆ.”

ಬಾಗಿಲು ಮುಚ್ಚಿತು. ಒಳಗೆ ಮಗು ಅಳತೊಡಗಿತು, ಅವಳು ಸಮಾಧಾನ ಮಾಡತೊಡಗಿದಳು. ಹೆನ್ನಿಂಗ್ ಕೇಳುತ್ತ ನಿಂತ. ಸ್ವಲ್ಪ ಹೊತ್ತಿಗೆ ಮೆಟ್ಟಿಲ ದೀಪ ತಾನಾಗಿ ಆರಿತು. ಅವನು ಗುಂಡಿ ಒತ್ತಲಿಲ್ಲ.